ನಡುಗಡಲಿನಲ್ಲಿ ಉಕ್ಕಿನ ಬೆಸುಗೆ

ಹಡಗು ಹಳತಾದರೆ ಅದನ್ನು ಹಡಗುಕಟ್ಟೆಗೆ ಒಯ್ದು, ಸವೆದ ತಗಡನ್ನು ಕಿತ್ತು, ಹೊಸದನ್ನು ಬೆಸೆಯುವುದು ವಾಡಿಕೆ. ಆದರೆ ಹಾಗೆ ಹೊರಟುಹೋಗುವ ಸ್ವಾತಂತ್ರ್ಯವಿಲ್ಲದ ಹಡಗುಗಳೂ ಉಂಟು. ಸಮುದ್ರತಳದ ಬಾವಿಗಳಿಂದ ಬರುವ ಕಚ್ಚಾ ಎಣ್ಣೆಯಿಂದ ನೀರನ್ನೂ ಅನಿಲವನ್ನೂ ಬೇರ್ಪಡಿಸಿ, ಎಣ್ಣೆಯನ್ನು ತಮ್ಮ ಒಡಲಲ್ಲಿ ತುಂಬಿಟ್ಟುಕೊಳ್ಳುವ ತೈಲೋತ್ಪಾದನಾ ನೌಕೆಗಳಿವು. 1977ರಲ್ಲಿ ಸ್ಪೇನಿನ ತೀರದಾಚೆ ಷೆಲ್ ಕಂಪನಿಯು ಇಂತಹ ಮೊದಲ ನೌಕೆಯನ್ನು ನಿಲ್ಲಿಸಿತು. ಕೃಷ್ಣಾ-ಗೋದಾವರಿ ಕೊಳ್ಳದ ಆಳಕಡಲಿನಲ್ಲಿ ಓ.ಎನ್.ಜಿ.ಸಿ. ಸಂಸ್ಥೆಯು 2024ರ ಜನವರಿಯಲ್ಲಿ ಎಣ್ಣೆ ತೆಗೆಯಲಾರಂಭಿಸಿದ್ದೂ ಇಂತಹುದೇ ನೌಕೆಯ ಮೂಲಕ.

ಇಪ್ಪತ್ತು ವರ್ಷಗಳ ಕಾಲ ಒಂದೇ ಕಡೆ ನಿಲ್ಲಬೇಕಾದ ಈ ನೌಕೆಗಳನ್ನು ಉಪ್ಪುನೀರು ಬಿಡುವುದಿಲ್ಲ. ತೊಟ್ಟಿಗಳ ತಳದಲ್ಲಿ ತುಕ್ಕು ಗುಳಿ ಬೀಳಿಸುತ್ತದೆ. ಪ್ರತಿಯೊಂದು ಅಲೆಗೂ ಒಡಲು ಕೊಂಚ ಬಾಗಿ ನೆಟ್ಟಗಾಗುವುದರಿಂದ, ಉಕ್ಕಿನ ಪಟ್ಟಿಗಳು ಕೂಡುವ ಬೆಸುಗೆಯ ಮೂಲೆಗಳಲ್ಲಿ ಕೂದಲೆಳೆಯಂತಹ ಬಿರುಕುಗಳು ಮೂಡುತ್ತವೆ. ನೌಕೆಯನ್ನು ದಡಕ್ಕೆ ತರಬೇಕಾದರೆ ಬಾವಿಗಳನ್ನೇ ಮುಚ್ಚಬೇಕು. ಆದುದರಿಂದ ಬೆಸುಗೆಗಾರರೇ ನೌಕೆಯ ಬಳಿಗೆ ಬರುತ್ತಾರೆ. ಎಣ್ಣೆಯ ಕೆಲಸ ಎಂದಿನಂತೆ ನಡೆದೇ ಇರುತ್ತದೆ.

ಬೆಂಕಿಯೂ ಬೆಣ್ಣೆಯೂ

ಬೆಂಕಿ ಬೆಣ್ಣೆ ಒಂದೆಡೆ ಇರಬಾರದೆಂಬುದು ಹಿರಿಯರ ಮಾತು. ಇಲ್ಲಿ ಅವೆರಡನ್ನೂ ಒಂದೇ ಮನೆಯಲ್ಲಿ ಬಾಳಿಸಬೇಕಾಗಿದೆ. ಅಡುಗೆಮನೆಯಲ್ಲಿ ಗ್ಯಾಸಿನ ವಾಸನೆ ಬಂದೊಡನೆ ಗೃಹಿಣಿಯು ಕಿಟಕಿ ತೆರೆಯುತ್ತಾಳೆ. ದೀಪದ ಗುಂಡಿ ಮುಟ್ಟುವುದಿಲ್ಲ. ಎಣ್ಣೆಯ ತೊಟ್ಟಿಯ ವಿಷಯದಲ್ಲಿ ನೇರವಾಗಿ ಕಿಟಕಿ ತೆರೆಯುವುದೂ ಅಪಾಯ. ಆವಿ ತುಂಬಿದ ತೊಟ್ಟಿಗೆ ಒಮ್ಮೆಲೇ ಗಾಳಿ ಹೊಕ್ಕರೆ, ಎರಡೂ ಬೆರೆತು ಸಿಡಿಯುವ ಹದಕ್ಕೆ ಬರುವ ಘಳಿಗೆಯೊಂದುಂಟು. ಆ ಹದವನ್ನು ತಪ್ಪಿಸುವುದೇ ಇಲ್ಲಿನ ವಿದ್ಯೆ. ಮೊದಲು ತೊಟ್ಟಿಯನ್ನು ತೊಳೆದು, ಆಮ್ಲಜನಕ ಶೇಕಡಾ 8ನ್ನು ಮೀರದ ಜಡ ಅನಿಲವನ್ನು ತುಂಬಿ ಆವಿಯನ್ನು ಹೊರದೂಡುತ್ತಾರೆ. ಆ ಬಳಿಕವೇ ಶುದ್ಧ ಗಾಳಿ. ಜಡ ಅನಿಲದಲ್ಲಿ ಬೆಂಕಿ ಉರಿಯದು, ಮನುಷ್ಯನೂ ಉಳಿಯನು. ಆಮ್ಲಜನಕವು ಹೊರಗಿನ ಗಾಳಿಯಲ್ಲಿರುವಂತೆ ಶೇಕಡಾ 21ರ ಮಟ್ಟಕ್ಕೆ ಬಂದಿದೆಯೆಂದು ಅಳೆದು ನೋಡುವವರೆಗೆ ಯಾರೂ ಒಳಗಿಳಿಯುವಂತಿಲ್ಲ.

ಅಷ್ಟಾದರೂ ನಿಶ್ಚಿಂತೆಯಿಲ್ಲ. ತುಕ್ಕಿನ ಹಕ್ಕಳೆಯಡಿ ಅಡಗಿದ ಜಿಡ್ಡು ಕಾವು ತಗುಲಿದರೆ ಮತ್ತೆ ಆವಿ ಬಿಡುತ್ತದೆ. ಗೋಡೆಯ ಆಚೆ ಬದಿಗೂ ಕಾವು ಹಾಯುವುದರಿಂದ ನೆರೆಯ ತೊಟ್ಟಿಗಳೂ ನಿರಪಾಯವಾಗಿರಬೇಕು. ಅನುಮತಿ ಪತ್ರಕ್ಕೆ ರುಜು ಬೀಳದೆ ಕಿಡಿ ಹಾರದು. ನೀರಿನ ಕೊಳವೆ ಹಿಡಿದ ಕಾವಲುಗಾರನು ಬೆಸುಗೆ ಮುಗಿದ ಮೇಲೂ ಕದಲುವುದಿಲ್ಲ. ಮೇಲ್ಗಟ್ಟಿನಲ್ಲಿಯಾದರೆ ಬೆಂಕಿ ತಾಳುವ ಬಟ್ಟೆಯ ಗೂಡೊಂದನ್ನು ಕಟ್ಟಿ, ಹೊರಗಿನ ಅನಿಲ ಒಳನುಗ್ಗದಂತೆ ಶುದ್ಧ ಗಾಳಿಯನ್ನು ಒತ್ತಡದಿಂದ ತುಂಬುತ್ತಾರೆ. ಅನಿಲದ ಸುಳಿವು ಸಿಕ್ಕೊಡನೆ ಬೆಸುಗೆಯ ವಿದ್ಯುತ್ತು ತಾನಾಗಿಯೇ ಕಡಿದುಹೋಗುತ್ತದೆ.

ಉಕ್ಕಿನ ಹಟ

ಉಕ್ಕಿಗೂ ತನ್ನದೇ ಹಟವುಂಟು. ಹೊರಮೈಗೆ ಸಮುದ್ರದ ನೀರು ತಾಗಿದ್ದರೆ ಬೆಸುಗೆ ಬೇಗನೆ ತಣಿದು ಪೆಡಸಾಗಿ, ಮತ್ತೆ ಬಿರಿಯಬಹುದು. ಬಿರುಕು ಬೆಳೆಯದಂತೆ ಅದರ ತುದಿಯಲ್ಲಿ ಸಣ್ಣ ರಂಧ್ರ ಕೊರೆಯುವುದು ತತ್ಕಾಲದ ಉಪಾಯ. ಹಾನಿಗೊಂಡ ಭಾಗವನ್ನು ಕತ್ತರಿಸುವ ಮುನ್ನ ಅಲೆಗಳು ತಗ್ಗುವ ದಿನವನ್ನು ಕಾಯುತ್ತಾರೆ. ತೊಟ್ಟಿಗಳ ಎಣ್ಣೆಯನ್ನು ಅತ್ತಿತ್ತ ಸಾಗಿಸಿ ಅಲ್ಲಿನ ಭಾರವನ್ನು ಇಳಿಸುತ್ತಾರೆ. ಕಿಡಿಯೇ ಕೂಡದೆಂಬಲ್ಲಿ ಇಂಗಾಲದ ನಾರಿನ ಹಾಳೆಗಳನ್ನು ರಾಳದಿಂದ ಅಂಟಿಸುವ ತಣ್ಣನೆಯ ವಿಧಾನವೂ ಬಂದಿದೆ.

ಇಷ್ಟೆಲ್ಲ ಎಚ್ಚರ ಅತಿಯಾಯಿತೆನ್ನುವವರು 2015ರ ಫೆಬ್ರವರಿ 11ನ್ನು ನೆನೆಯಬೇಕು. ಬ್ರೆಜಿಲ್ ತೀರದಾಚೆಯ ‘ಸಿಡಾಡೆ ಡಿ ಸಾವೊ ಮಾಟೆಯಸ್’ ನೌಕೆಯಲ್ಲಿ ಅಂದು ಬೆಸುಗೆಯ ಕೆಲಸವೇನೂ ನಡೆದಿರಲಿಲ್ಲ. ಪಂಪಿನ ಕೋಣೆಯಲ್ಲಿ ಎಣ್ಣೆ ಸೋರಿತು, ಅದನ್ನು ಸರಿಪಡಿಸಲು ಜನ ಇಳಿದರು, ಆವಿ ಸಿಡಿಯಿತು. 9 ಮಂದಿ ಮಡಿದರು.

ಬೆಸುಗೆಯ ಕೆಲಸ ಕೆಲವು ಗಂಟೆಗಳದಾದರೆ ಸಿದ್ಧತೆ ಹಲವು ದಿನಗಳದು. ಆ ದಿನಗಳನ್ನು ನಷ್ಟವೆಂದು ಲೆಕ್ಕಪುಸ್ತಕ ಬರೆದುಕೊಳ್ಳಬಹುದು. ತೊಟ್ಟಿಯೊಳಗಿಳಿದು ಸಂಜೆ ಮೇಲೇರಿ ಬರುವ ಬೆಸುಗೆಗಾರನಿಗೂ, ದೂರದಲ್ಲಿ ಅವನ ದಾರಿ ಕಾಯುವ ಮನೆಮಂದಿಗೂ ಅದೇ ನಿಜವಾದ ಲಾಭ.