ಕನಸಿನಲ್ಲಿ ಅಪ್ಪುಗೆ, ಚಿತ್ರದಲ್ಲಿ ಗೆಲುವು

ಇಬ್ಬರು ದೊರೆಗಳು ಭೂಗೋಳದ ಮೇಲೆ ನಿಂತು ಅಪ್ಪಿಕೊಂಡಿದ್ದಾರೆ. ಒಬ್ಬನ ಕಾಲಡಿ ಸಿಂಹ, ಇನ್ನೊಬ್ಬನ ಕಾಲಡಿ ಕುರಿ. ಹಿಂದೆ ಸೂರ್ಯ, ಚಂದ್ರ ಸೇರಿದ ದೊಡ್ಡ ಪ್ರಭಾವಳಿ. ವಾಷಿಂಗ್ಟನ್ನಿನ ಫ್ರೀರ್ ಗ್ಯಾಲರಿಯ ಸಂಗ್ರಹದಲ್ಲಿರುವ ಈ ಮೊಘಲ್ ಚಿತ್ರವನ್ನು ಮಕ್ಕಳಿಗೆ ತೋರಿಸಿದರೆ, "ಇವರಿಬ್ಬರೂ ಫ್ರೆಂಡ್ಸಾ?" ಎಂದು ಕೇಳಿಯಾರು. ನಿಜ ಹೇಳಬೇಕೆಂದರೆ, ಇವರು ಜೀವನದಲ್ಲಿ ಒಮ್ಮೆಯೂ ಭೇಟಿಯಾಗಿರಲಿಲ್ಲ.

ಸಿಂಹದ ಮೇಲಿರುವವನು ಬಾದಶಹ ಜಹಾಂಗೀರ್. ಕುರಿಯ ಮೇಲಿರುವವನು ಇರಾನಿನ ಶಾ ಅಬ್ಬಾಸ್. 1618ರ ಸುಮಾರಿಗೆ ಇದನ್ನು ಬರೆದವನು ಆಸ್ಥಾನದ ಕಲಾವಿದ ಅಬುಲ್ ಹಸನ್. ಇದು ಬಾದಶಹ ಕಂಡ ಕನಸು ಎಂದು ಚಿತ್ರದ ಮೇಲಿನ ಬರಹವೇ ಹೇಳುತ್ತದೆ.

ಆ ಕನಸಿಗೆ ಕಾರಣವಿತ್ತು. ಕಂದಹಾರ್ ಕೋಟೆ ಯಾರದ್ದೆಂಬ ಹಳೆಯ ಜಗಳ ಎರಡು ರಾಜ್ಯಗಳ ನಡುವೆ ಹೊಗೆಯಾಡುತ್ತಿತ್ತು. 1613ರಲ್ಲಿ ಜಹಾಂಗೀರ್ ಇರಾನಿಗೆ ರಾಯಭಾರಿಯನ್ನು ಕಳಿಸಿದಾಗ, ಶಾನ ರೂಪವನ್ನು ಬರೆದು ತರಲೆಂದು ಬಿಷನ್‌ದಾಸ್ ಎಂಬ ಕಲಾವಿದನನ್ನೂ ಜೊತೆಗೆ ಕಳಿಸಿದ್ದ. ಎದುರಾಳಿಯ ಮುಖ ನೋಡುವ ಕುತೂಹಲ ಅಷ್ಟಿತ್ತು!

ಈಗ ಚಿತ್ರವನ್ನು ಮತ್ತೊಮ್ಮೆ ನೋಡಿ. ಜಹಾಂಗೀರ್ ದೊಡ್ಡ ಮೈಕಟ್ಟಿನವನು, ಶಾ ಬಡಕಲು. ಸಿಂಹ ಮೈಚಾಚಿ ಮಲಗಿ, ಕುರಿಯನ್ನು ಇರಾನಿನಿಂದಾಚೆ ಮೆಡಿಟರೇನಿಯನ್ ಸಮುದ್ರದ ಕಡೆಗೆ ತಳ್ಳುತ್ತಿದೆ. ಅಪ್ಪುಗೆಯ ಕೆಳಗೇ ಒತ್ತುವರಿ! ಆದರೆ 1622ರಲ್ಲಿ ಕಂದಹಾರ್ ಗೆದ್ದುಕೊಂಡವನು 'ಕುರಿ'ಯೇ.

ಡಬ್ಲಿನ್‌ನ ಚೆಸ್ಟರ್ ಬೀಟಿ ಸಂಗ್ರಹದಲ್ಲಿ ಅಬುಲ್ ಹಸನ್‌ನ ಇನ್ನೊಂದು ಚಿತ್ರವಿದೆ. ಅದರಲ್ಲಿ ಜಹಾಂಗೀರ್ ಮಲಿಕ್ ಅಂಬರನ ಕಡಿದ ತಲೆಗೆ ಬಾಣ ಬಿಡುತ್ತಿದ್ದಾನೆ. ತೀರಾ ಚಿಕ್ಕ ಮಕ್ಕಳಿಗೆ ಇದು ಬೇಡ, ದೊಡ್ಡವರಿಗೆ ಕಥೆ ಹೇಳಬಹುದು. ಗುಲಾಮನಾಗಿ ಇಥಿಯೋಪಿಯಾದಿಂದ ಬಂದ ಅಂಬರ್, ನಮ್ಮ ವಿಜಯಪುರದ ಆದಿಲ್‌ಶಾಹಿಗಳ ನೆರೆಯ ಅಹಮದ್‌ನಗರ ರಾಜ್ಯದ ಸೂತ್ರ ಹಿಡಿದ. ಮೊಘಲ್ ಸೈನ್ಯಕ್ಕೆ ಸೋತಾಗಲೂ ಮತ್ತೆ ಮತ್ತೆ ಎದ್ದು ನಿಂತ. ಅವನ ತಲೆ ಜಹಾಂಗೀರನ ಕೈಗೆ ಸಿಗಲೇ ಇಲ್ಲ. 1626ರಲ್ಲಿ, ತುಂಬು ಮುಪ್ಪಿನಲ್ಲಿ ತೀರಿಕೊಂಡ.

ಹಾಗಾದರೆ ಈ ಚಿತ್ರಗಳು ಸುಳ್ಳೇ? ನಡೆದದ್ದರ ಬಗ್ಗೆ ಸುಳ್ಳು, ಆದರೆ ಬಾದಶಹನ ಮನಸ್ಸಿನ ಬಗ್ಗೆ ನಿಜ. ಅವನನ್ನು ಯಾರು ಕಾಡುತ್ತಿದ್ದರು ಎಂದು ತಿಳಿಯಲು ಇವಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಎರಡೂ ಚಿತ್ರಗಳು ಆ ಸಂಗ್ರಹಾಲಯಗಳ ವೆಬ್‌ಸೈಟಿನಲ್ಲಿ ನೋಡಲು ಸಿಗುತ್ತವೆ. ಮಕ್ಕಳ ಜೊತೆ ಕುಳಿತು ಮೂರು ಪ್ರಶ್ನೆ ಕೇಳಿ: ಇದನ್ನು ಬರೆಸಿದವರು ಯಾರು? ಯಾರನ್ನು ದೊಡ್ಡದಾಗಿ, ಯಾರನ್ನು ಚಿಕ್ಕದಾಗಿ ತೋರಿಸಿದ್ದಾರೆ? ನಿಜವಾಗಿ ನಡೆದದ್ದೇನು? ಆಮೇಲೆ ಅದೇ ಪ್ರಶ್ನೆಗಳನ್ನು ಫೋನಿನಲ್ಲಿ ಬರುವ ನಾಯಕರ ಚಿತ್ರಗಳಿಗೂ ಕೇಳಿಸಿ.

ನಾವು ಊರಿಗೆ ಕಳಿಸುವ ಫೋಟೋಗಳಿಗೂ ಕೇಳಬಹುದು. ಹಿಮದಲ್ಲಿ ನಗುವ ಫೋಟೋ ಅಜ್ಜಿಗೆ ಹೋಗುತ್ತದೆ, ಜ್ವರ ಬಂದು ಮಲಗಿದ್ದ ವಾರ ಹೋಗುವುದಿಲ್ಲ. ಯಾಕೆ ಹಾಗೆ ಮಾಡುತ್ತೇವೆ ಎಂದು ಮಕ್ಕಳು ಕೇಳಿದರೆ, ಸ್ವಲ್ಪ ಯೋಚಿಸಿ ಉತ್ತರ ಕೊಡಿ.