ಕಾಲುಚೀಲ ಹೆಣೆಯುವ ಮುನ್ನ ಒಂದು ತುಂಡು

ಕೈಹೆಣಿಗೆಯ ಉಣ್ಣೆಯ ಕಾಲುಚೀಲ ಪಾದಕ್ಕೆ ಬಿಗಿಯಾಗಿ ಕೂರಬೇಕಾದರೆ ಅದರ ಸುತ್ತಳತೆ ಪಾದದ್ದಕ್ಕಿಂತ ಸುಮಾರು ಶೇ. 10ರಷ್ಟು ಕಡಿಮೆ ಇರಬೇಕು. ಪಾದದ ಸುತ್ತಳತೆ 22 ಸೆಂ.ಮೀ. ಎಂದುಕೊಳ್ಳಿ, ಚೀಲ 20 ಸೆಂ.ಮೀ. ಇರಲಿ. ಸೆಂಟಿಮೀಟರಿಗೆ 3.2 ಕುಣಿಕೆ ಬೀಳುವ ಹೆಣಿಗೆಯಲ್ಲಿ ಅದಕ್ಕೆ 64 ಕುಣಿಕೆ ಬೇಕು. ಅದೇ 64 ಕುಣಿಕೆಗಳನ್ನು ತುಸು ಸಡಿಲವಾಗಿ, ಸೆಂಟಿಮೀಟರಿಗೆ 2.8ರಂತೆ ಹೆಣೆದರೆ ಚೀಲ ಸುಮಾರು 23 ಸೆಂ.ಮೀ. ಆಗಿ ಪಾದಕ್ಕಿಂತಲೂ ದೊಡ್ಡದಾಗುತ್ತದೆ. ಅರ್ಧ ಕುಣಿಕೆಯೂ ಇಲ್ಲದ ವ್ಯತ್ಯಾಸ ಒಂದು ಸುತ್ತು ಬರುವಷ್ಟರಲ್ಲಿ 3 ಸೆಂ.ಮೀ.ಗೆ ಬೆಳೆದಿರುತ್ತದೆ. ಅದಕ್ಕೇ ಗೇಜ್ ನೋಡುವುದು: 10 ಸೆಂ.ಮೀ. ಅಗಲದಲ್ಲಿ ಎಷ್ಟು ಕುಣಿಕೆ, ಅಷ್ಟೇ ಎತ್ತರದಲ್ಲಿ ಎಷ್ಟು ಸಾಲು.

ಈ ಸಂಖ್ಯೆಯನ್ನು ನಿರ್ಧರಿಸುವುದು ಯಾವುದು? ಸಾದಾ ಹೆಣಿಗೆಯ ಬಟ್ಟೆ ಎಳೆತವೆಲ್ಲ ಕಳೆದು ವಿಶ್ರಾಂತ ಸ್ಥಿತಿಗೆ ಬಂದಾಗ, ಅದರ ಅಳತೆ ಮುಖ್ಯವಾಗಿ ಒಂದು ಕುಣಿಕೆಯಲ್ಲಿ ಎಷ್ಟುದ್ದದ ನೂಲಿದೆ ಎಂಬುದನ್ನೇ ಅವಲಂಬಿಸುತ್ತದೆ ಎಂದು ಜವಳಿ ಸಂಶೋಧಕ ಡಿ. ಎಲ್. ಮಂಡನ್ 1959ರಲ್ಲಿ ತೋರಿಸಿದರು. ಆ ಉದ್ದ ಕಡ್ಡಿಯ ದಪ್ಪದಿಂದಲೂ ಬೆರಳು ನೂಲನ್ನು ಎಳೆಯುವ ಬಿಗಿಯಿಂದಲೂ ಬರುತ್ತದೆ. ಒಂದೇ ನೂಲು, ಒಂದೇ ಕಡ್ಡಿ ಹಿಡಿದ ಇಬ್ಬರ ಗೇಜ್ ಬೇರೆಯಾಗುವುದು ಇದರಿಂದಲೇ. ವಿನ್ಯಾಸದ ಪುಸ್ತಕದಲ್ಲಿ ಅಚ್ಚಾಗಿರುವ ಗೇಜ್ ಅದನ್ನು ಬರೆದವರ ಕೈಯದು.

ನೂಲು ಆರಿಸುವಾಗ ನೋಡುವ ‘ತೂಕ’ ಎಂದರೆ ಉಂಡೆಯ ತೂಕವಲ್ಲ. ಎಷ್ಟು ಗ್ರಾಮಿಗೆ ಎಷ್ಟು ಮೀಟರ್ ಬರುತ್ತದೆ ಎಂಬುದೇ ಅದು. ಕಾಲುಚೀಲದ ನೂಲು ಸಾಮಾನ್ಯವಾಗಿ 100 ಗ್ರಾಮಿಗೆ 400 ಮೀಟರ್ ಆಸುಪಾಸು. ಅದೇ ಬಗೆಯ ನೂಲು 200 ಮೀಟರ್ ಮಾತ್ರ ಬಂದರೆ ದಪ್ಪ ಎರಡು ಪಟ್ಟಾಗುವುದಿಲ್ಲ. ಇಮ್ಮಡಿಯಾಗುವುದು ಅಡ್ಡಕೊಯ್ತದ ವಿಸ್ತೀರ್ಣ, ವ್ಯಾಸ ಸುಮಾರು 1.4 ಪಟ್ಟು. ‘ಫೋರ್ ಪ್ಲೈ’ ಎಂಬ ಮಾತನ್ನು ಮಾತ್ರ ನಂಬಬೇಡಿ: ಎಷ್ಟು ಎಳೆ ಸೇರಿಸಿ ಹುರಿ ಮಾಡಿದೆ ಎನ್ನುವುದರಾಚೆ ಅದು ಖಚಿತವಾಗಿ ಏನನ್ನೂ ಹೇಳುವುದಿಲ್ಲ. ನೂಲಿನುಂಡೆಯ ಚೀಟಿ ಕಳೆದಿದ್ದರೆ 10 ಮೀಟರ್ ಅಳೆದು, ಗ್ರಾಮಿನ ಹತ್ತನೇ ಒಂದು ಭಾಗವನ್ನೂ ತೋರಿಸುವ ತಕ್ಕಡಿಯಲ್ಲಿಡಿ. ಎರಡೂವರೆ ಗ್ರಾಂ ಹತ್ತಿರ ಬಂದರೆ ಕಾಲುಚೀಲಕ್ಕೆ ಸರಿ.

ಗೇಜ್ ನೋಡಲು ಮೊದಲು ಒಂದು ಮಾದರಿ ತುಂಡನ್ನು ಚೀಲದಂತೆಯೇ ಸುತ್ತಾಗಿ ಹೆಣೆಯಿರಿ. ಚಪ್ಪಟೆ ಹೆಣಿಗೆಯಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲು ಉಲ್ಟಾ ಬರುವುದರಿಂದ ಹಲವರ ಕೈಬಿಗಿ ಬದಲಾಗುತ್ತದೆ. ಆಮೇಲೆ ತಪ್ಪದೆ ಒಗೆಯಿರಿ. ಕಡ್ಡಿಯಿಂದ ಇಳಿದ ಕುಣಿಕೆ ಇನ್ನೂ ಎಳೆತದಲ್ಲೇ ಇರುತ್ತದೆ. ನೀರು ಉಣ್ಣೆಯ ಎಳೆಯೊಳಗೆ ಹೊಕ್ಕು ಅಲ್ಲಿನ ಹೈಡ್ರೋಜನ್ ಬಂಧಗಳನ್ನು ಸಡಿಲಿಸಿದಾಗ ಕುಣಿಕೆ ತನ್ನ ಸಹಜ ಆಕಾರಕ್ಕೆ ಬರುತ್ತದೆ. ಮಷಿನ್‌ನಲ್ಲಿ ಒಗೆಯಬಹುದಾದ ಸೂಪರ್‌ವಾಶ್ ಉಣ್ಣೆಯಂತೂ ಒಗೆದ ಮೇಲೆ ಸಾಕಷ್ಟು ಹಿಗ್ಗಬಹುದು. ಪೂರ್ತಿ ಒಣಗಿದ ಮೇಲೆ, ಅಂಚು ಬಿಟ್ಟು ನಡುಭಾಗದಲ್ಲಿ ಅಳೆಯಿರಿ.

ಗೇಜ್ ಹೊಂದದಿದ್ದರೆ ಕುಣಿಕೆ ಕಡಿಮೆ ಮಾಡುವ ಉಪಾಯ ಮೊದಲು ಹೊಳೆಯುತ್ತದೆ. ಸೆಂಟಿಮೀಟರಿಗೆ 2.8ರ ಸಡಿಲ ಹೆಣಿಗೆಯಲ್ಲೂ 56 ಕುಣಿಕೆ ಹಾಕಿದರೆ 20 ಸೆಂ.ಮೀ. ಸಿಗುತ್ತದೆ, ನಿಜ. ಆದರೆ ಸಡಿಲ ಬಟ್ಟೆ ಹಿಮ್ಮಡಿಯ ಉಜ್ಜಾಟಕ್ಕೆ ಬೇಗ ಸವೆದು ತೂತು ಬೀಳುತ್ತದೆ. ಶಾಲಿಗೆ 4 ಮಿ.ಮೀ. ಕಡ್ಡಿಯಲ್ಲಿ ಚೆನ್ನಾಗಿ ಕಾಣುವ ನೂಲನ್ನೇ ಕಾಲುಚೀಲಕ್ಕೆ 2.25 ಅಥವಾ 2.5 ಮಿ.ಮೀ. ಕಡ್ಡಿಯಲ್ಲಿ ಹೆಣೆಯುವುದು ಈ ಕಾರಣಕ್ಕೆ. ಆದ್ದರಿಂದ ತುಂಡನ್ನು ಬೆಳಕಿಗೆ ಹಿಡಿದು ನೋಡಿ. ಕುಣಿಕೆಗಳ ನಡುವೆ ಬೆಳಕು ಧಾರಾಳವಾಗಿ ತೂರಿ ಬಂದರೆ ಮೊದಲು ಕಡ್ಡಿಯನ್ನು ಸಣ್ಣದು ಮಾಡಿ, ಕುಣಿಕೆಯ ಲೆಕ್ಕ ಅದರ ನಂತರ ಹಾಕಿ.