ಫಿರಂಗಿಯ ಕಾರ್ಖಾನೆಯಿಂದ ಬಂದ ಎಂಜಿನ್ನುಗಳು

ಚಕ್ರ ದೊಡ್ಡದಾದಷ್ಟೂ ರೈಲು ಎಂಜಿನ್ನಿನ ಎಳೆತ ಹೆಚ್ಚುವುದೆಂದು ಅನೇಕರು ಭಾವಿಸುವುದುಂಟು. ನಿಜಸ್ಥಿತಿ ಇದಕ್ಕೆ ತೀರ ವಿರುದ್ಧವಾದುದು. ಐರ್ಲೆಂಡಿನ ‘ವುಲಿಚ್’ ಎಂಬ ಉಗಿ ಎಂಜಿನ್ನುಗಳ ಚರಿತ್ರೆ ಇದಕ್ಕೆ ಒಳ್ಳೆಯ ನಿದರ್ಶನ.

ವುಲಿಚ್ ಎಂಬುದು ಲಂಡನ್ನಿನಲ್ಲಿ ಥೇಮ್ಸ್ ನದಿಯ ದಡದ ಒಂದು ಸ್ಥಳ. ಅಲ್ಲಿ ಸರಕಾರದ ದೊಡ್ಡ ಶಸ್ತ್ರಾಗಾರವಿದ್ದಿತು. 1918ರಲ್ಲಿ ಮೊದಲನೆಯ ಮಹಾಯುದ್ಧ ಮುಗಿಯಿತು, ಫಿರಂಗಿಗಳು ಬೇಡವಾದುವು. ಆದರೆ ಕೆಲಸಗಾರರ ಗತಿಯೇನು? ಅವರು ನಿರುದ್ಯೋಗಿಗಳಾಗದಂತೆ ಸರಕಾರವು ನೂರು ರೈಲು ಎಂಜಿನ್ನುಗಳಿಗೆ ಬೇಕಾದ ಭಾಗಗಳನ್ನು ಅಲ್ಲಿ ಮಾಡಿಸಿತು. ಅದಕ್ಕೆ ಆರಿಸಿಕೊಂಡ ಮಾದರಿ 1917ರಲ್ಲಿ ರಿಚರ್ಡ್ ಮಾನ್ಸೆಲ್ ಎಂಬ ಎಂಜಿನಿಯರನ ನೇತೃತ್ವದಲ್ಲಿ ಸಿದ್ಧವಾದುದು. ಈತ ಡಬ್ಲಿನ್ನಿನವನು, ಅಲ್ಲಿಯ ಇಂಚಿಕೋರ್ ಕಾರ್ಖಾನೆಯಲ್ಲಿ ಕಲಿತು, 1890ರ ದಶಕದಲ್ಲಿ ಕೆಲಕಾಲ ನಮ್ಮ ಅಸನ್ಸೋಲಿನಲ್ಲಿಯೂ ಈಸ್ಟ್ ಇಂಡಿಯನ್ ರೈಲ್ವೆಯ ಸೇವೆಯಲ್ಲಿದ್ದವನು.

ಭಾಗಗಳೇನೋ ಸಿದ್ಧವಾದುವು, ಇಂಗ್ಲೆಂಡಿನ ಸದರ್ನ್ ರೈಲ್ವೆ ಅರ್ಧದಷ್ಟನ್ನು ಕೊಂಡಿತು. ಉಳಿದವುಗಳ ಮೇಲೆ ಐರ್ಲೆಂಡಿನ ಕಣ್ಣು ಬಿದ್ದಿತು. 1922–23ರ ಅಂತರ್ಯುದ್ಧದಲ್ಲಿ ಅಲ್ಲಿಯ ಸೇತುವೆಗಳೂ ಎಂಜಿನ್ನುಗಳೂ ಬಹಳ ಹಾನಿಗೊಂಡಿದ್ದುವು. ಜನಸಂಖ್ಯೆ ವಿರಳವಾದ ಆ ನಾಡಿನಲ್ಲಿ ಪ್ರಯಾಣಿಕರಿಗೊಂದು, ಸರಕಿಗೊಂದು ಎಂದು ಬೇರೆ ಬೇರೆ ಎಂಜಿನ್ನುಗಳನ್ನು ಸಾಕುವುದು ದುಬಾರಿ. ಇಂದು ಟಪಾಲು ಗಾಡಿಯನ್ನು, ನಾಳೆ ದನಗಳ ಗಾಡಿಯನ್ನು ಎಳೆಯಬಲ್ಲ ‘ಮಿಶ್ರ ಸಂಚಾರ’ದ ಎಂಜಿನ್ನು ಅಲ್ಲಿಗೆ ಬೇಕಾಗಿದ್ದಿತು. ಆದರೆ ಒಂದು ತೊಡಕು: ಇಂಗ್ಲೆಂಡಿನ ಕಂಬಿಗಳ ಅಂತರ 4 ಅಡಿ 8½ ಅಂಗುಲ, ಐರ್ಲೆಂಡಿನದು 5 ಅಡಿ 3 ಅಂಗುಲ. ಆದಕಾರಣ ಚಕ್ರಗಳನ್ನು ಅಗಲಕ್ಕೆ ಹೊಂದಿಸಿ, ಡಬ್ಲಿನ್ನಿನ ಬ್ರಾಡ್‌ಸ್ಟೋನ್‌ನಲ್ಲಿಯೂ ಇಂಚಿಕೋರ್‌ನಲ್ಲಿಯೂ ಎಂಜಿನ್ನುಗಳನ್ನು ಜೋಡಿಸಲಾಯಿತು. 1925ರಿಂದ 1930ರೊಳಗೆ 26 ಎಂಜಿನ್ನುಗಳು ಹೊರಬಂದುವು.

ಇವುಗಳಲ್ಲಿ 20ಕ್ಕೆ ಚಾಲಕ ಚಕ್ರಗಳ ವ್ಯಾಸ 5½ ಅಡಿ. ಉಳಿದ ಆರಕ್ಕೆ 6 ಅಡಿ. ಸಿಲಿಂಡರುಗಳು ಎರಡರಲ್ಲಿಯೂ ಒಂದೇ: ವ್ಯಾಸ 19 ಅಂಗುಲ, ಪಿಸ್ಟನ್ನಿನ ಓಟ 28 ಅಂಗುಲ. ಬಾಯ್ಲರಿನ ಒತ್ತಡ ಚದರ ಅಂಗುಲಕ್ಕೆ 200 ಪೌಂಡು. ಹಾಗಾದರೆ ಆರು ಅಂಗುಲದಿಂದ ಏನಾಯಿತು?

ಚಕ್ರವನ್ನು ಒಂದು ಸನ್ನೆಕೋಲೆಂದು ಎಣಿಸೋಣ. ಪಿಸ್ಟನ್ನು ತಳ್ಳುವ ಕ್ರ್ಯಾಂಕು ಅಚ್ಚಿನಿಂದ 14 ಅಂಗುಲ ದೂರದಲ್ಲಿದೆ. ಕಂಬಿಯನ್ನು ಮುಟ್ಟುವ ಅಂಚು ಮೊದಲನೆಯ ಬಗೆಯಲ್ಲಿ 33 ಅಂಗುಲ, ಎರಡನೆಯದರಲ್ಲಿ 36 ಅಂಗುಲ ದೂರ. ಅಂಚು ದೂರವಾದಷ್ಟೂ ಅಲ್ಲಿ ಒದಗುವ ಬಲ ಕಡಿಮೆ. ಎಂಜಿನಿಯರುಗಳ ರೂಢಿಯಂತೆ ಬಾಯ್ಲರಿನ ಒತ್ತಡದಲ್ಲಿ ನೂರಕ್ಕೆ 85 ಪಾಲನ್ನು ಹಿಡಿದು ಲೆಕ್ಕ ಹಾಕಿದರೆ, ಚಿಕ್ಕ ಚಕ್ರದ ಎಳೆತ ಸುಮಾರು 26,040 ಪೌಂಡು. ದೊಡ್ಡದರದು ಸುಮಾರು 23,870 ಪೌಂಡು. ಆದರೆ ಗಂಟೆಗೆ 60 ಮೈಲಿಯ ವೇಗದಲ್ಲಿ ಚಿಕ್ಕ ಚಕ್ರವು ನಿಮಿಷಕ್ಕೆ 306 ಸಾರಿ ಸುತ್ತಬೇಕು; ದೊಡ್ಡದಕ್ಕೆ 280 ಸುತ್ತು ಸಾಕು. ಪಿಸ್ಟನ್ನುಗಳ ಧಾವಂತ ಅಷ್ಟು ತಗ್ಗುವುದರಿಂದ ವೇಗದ ಗಾಡಿಗೆ ಅದು ಅನುಕೂಲ.

ಇನ್ನು ಎಳೆತವನ್ನು ಒಂದು ಸುತ್ತಿನ ದೂರದಿಂದ ಗುಣಿಸಿ ನೋಡಿರಿ. ಎರಡರಲ್ಲಿಯೂ ಸುಮಾರು 4,50,000 ಅಡಿ-ಪೌಂಡು ಬರುವುದು! ಒಂದು ಸುತ್ತಿಗೆ ಉಗಿ ಮಾಡುವ ಕೆಲಸ ಅಷ್ಟೇ. ಅದನ್ನು ಬಲವಾಗಿಯಾದರೂ ಪಡೆಯಬಹುದು, ದೂರವಾಗಿಯಾದರೂ ಪಡೆಯಬಹುದು. ಎರಡನ್ನೂ ಒಟ್ಟಿಗೆ ಹೆಚ್ಚಿಸಿಕೊಳ್ಳಲು ಬಾರದು. ಮಿಶ್ರ ಸಂಚಾರದ ಎಂಜಿನ್ನೆಂದರೆ ಈ ಎರಡರ ನಡುವಣ ಒಪ್ಪಂದ.

ಡೀಸೆಲ್ ಬಂದ ಮೇಲೆ, 1950ರ ದಶಕದ ನಡುವಿನಿಂದ ಮುಂದಿನ ದಶಕದ ಆರಂಭದೊಳಗೆ, ಈ ಎಂಜಿನ್ನುಗಳೆಲ್ಲ ನಿವೃತ್ತವಾದುವು. ಐರ್ಲೆಂಡಿನಲ್ಲಿ ಒಂದೂ ಉಳಿದಿಲ್ಲ. ಅದೇ ವುಲಿಚ್ ಭಾಗಗಳಿಂದ ಇಂಗ್ಲೆಂಡಿನಲ್ಲಿ ಜೋಡಿಸಿದ 31874ನೆಯ ಎಂಜಿನ್ನು ಮಾತ್ರ, ಫಿರಂಗಿ ಎರೆಯುತ್ತಿದ್ದ ಕೈಗಳು ಶಾಂತಿಕಾಲದಲ್ಲಿ ಮಾಡಿದ ಕೆಲಸಕ್ಕೆ ಸಾಕ್ಷಿಯಾಗಿ, ಆ ದೇಶದಲ್ಲಿ ಸುರಕ್ಷಿತವಾಗಿದೆ.